ಹಿಂದಿನ ಟ್ಯಾಂಕಿನ ಸ್ವಿಚ್ಚು

ಗೇಲನ್ ತ್ವೇತ್ ಮೂವತ್ತೆಂಟು ವರ್ಷ ಕರೆಂಟ್ ಕಂಬ ಹತ್ತಿ ಇಳಿದವನು. ಉತ್ತರ ಡಕೋಟದ ನಮ್ಮ ಬ್ರೆಡಾಲ್ ಊರಿನ ಸುತ್ತ ನಲವತ್ತು ಮೈಲಿಯಲ್ಲಿ ಯಾವ ಕಂಬ ಎಷ್ಟು ವಾಲಿದೆ, ಯಾವುದರ ಮೇಲೆ ಗಿಡುಗ ಗೂಡು ಕಟ್ಟುತ್ತದೆ ಎಲ್ಲ ಅವನಿಗೆ ಬಾಯಿಪಾಠ. ಹೊಸದಾಗಿ ಸೇರಿದ ಲೈನ್‌ಮನ್‌ಗಳಿಗೆಲ್ಲ, ಕರೆಂಟು ನೆಲಕ್ಕಿಳಿಸುವ ಅರ್ತ್ ಬಗ್ಗೆ, ಅವನು ಹೇಳುತ್ತಿದ್ದುದು ಒಂದೇ ಮಾತು. "ಅರ್ತ್ ಹಾಕೋಕ್ ಮುಂಚೆ ತಂತಿ ಉಜ್ಜು. ಹೊಳೆಯೋ ತನಕ ಉಜ್ಜು. ಕೊಳೆ ಮೇಲೆ ಕ್ಲಾಂಪ್ ಹಾಕಿದ್ರೆ ನಿನ್ ಹೆಣಕ್ಕೆ ನೀನೇ ಹೂ ಇಟ್ಟಂಗೆ." ಈ ಮಾತು ಕೇಳಿ ಕೇಳಿ ಬೇಸತ್ತವರೂ ಇದ್ದರು, ಕೇಳಿದ್ದಕ್ಕೇ ಇವತ್ತಿಗೂ ಬದುಕಿರುವವರೂ ಇದ್ದಾರೆ.

ನಿವೃತ್ತನಾದ ಮೇಲೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಹೆಂಡತಿ ಲವೋನ್‌ಗೂ ಅವನನ್ನು ಕೂರಿಸಿಕೊಳ್ಳಲಾಗಲಿಲ್ಲ. ಅಡುಗೆಮನೆಯ ಸ್ವಿಚ್ಚುಗಳನ್ನೆಲ್ಲ ಮೂರು ಸಲ ಬಿಚ್ಚಿ ಹಾಕಿದ ಮೇಲೆ ಆಕೆಯೇ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ ವರ್ಲಿನ್ ಹಾಫ್‌ಗೆ ಫೋನು ಮಾಡಿ, "ಇವನಿಗೇನಾದ್ರೂ ಕೆಲಸ ಕೊಡಪ್ಪ, ಪುಣ್ಯ ಬರುತ್ತೆ" ಅಂದಳು. ವರ್ಲಿನ್ ಬೆಂಕಿ ಗಾಡಿಯ ಉಸ್ತುವಾರಿ ಕೊಟ್ಟ.

ಬೆಂಕಿ ಗಾಡಿ ಅಂದರೆ ದೊಡ್ಡ ಏಣಿ, ಗಂಟೆ ಇರುವಂಥದ್ದೇನಲ್ಲ. ಹಳೇ ಪಿಕಪ್ ಟ್ರಕ್ಕು, ಬೆನ್ನ ಮೇಲೊಂದು ನೀರಿನ ತೊಟ್ಟಿ, ಸುತ್ತಿಟ್ಟ ಪೈಪು, ಅಷ್ಟೆ. ಹುಲ್ಲುಗಾವಲಿಗೆ ಬೆಂಕಿ ಬಿದ್ದರೆ ದಾರಿ ಇಲ್ಲದ ಕಡೆ ನುಗ್ಗುವುದು ಅದೊಂದೇ. ಓಡಿಸುವವರಿಗೆ ಸಂಬಳವಿಲ್ಲ. ಬಡಗಿ, ಮಾಸ್ತರು, ಅಂಗಡಿಯವಳು ಯಾರಾದರೂ ಸರಿ, ಸೈರನ್ ಕೇಳಿದ ಕೂಡಲೆ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಿ ಬರುತ್ತಾರೆ. ಆ ಗಾಡಿಗೆ ಮುಂದೊಂದು ಹಿಂದೊಂದು ಎರಡು ಪೆಟ್ರೋಲ್ ಟ್ಯಾಂಕು, ಪ್ರತಿಯೊಂದರ ಹೊಟ್ಟೆಯೊಳಗೂ ಒಂದು ಸಣ್ಣ ಎಲೆಕ್ಟ್ರಿಕ್ ಪಂಪು. ಮುಂದಿನದು ಬರಿದಾಗುತ್ತಿದ್ದ ಹಾಗೆ ಸ್ಟೀರಿಂಗಿನ ಪಕ್ಕದ ಸ್ವಿಚ್ಚು ಒತ್ತಿದರೆ ಹಿಂದಿನ ಪಂಪು ಗುಂಯ್ ಅಂತ ಎದ್ದು ಪೆಟ್ರೋಲು ಕಳಿಸುತ್ತದೆ. ಹಿಂದಿನ ಟ್ಯಾಂಕು ಬೆಂಕಿಗೆ ಮೀಸಲು, ಸುಮ್ಮನೆ ತಿರುಗುವಾಗ ಯಾರೂ ಅದನ್ನು ಮುಟ್ಟಕೂಡದು. ಇದು ಗೇಲನ್ ಮಾಡಿದ ಕಟ್ಟಳೆ.

ಕಳೆದ ಜೂನಿನಲ್ಲಿ ಊರಿಗೆ ನೂರಿಪ್ಪತ್ತೈದು ವರ್ಷ ತುಂಬಿತು. ಮೆರವಣಿಗೆಯಲ್ಲಿ ಬೆಂಕಿ ಗಾಡಿಯೇ ಮೊದಲು ಹೋಗಬೇಕು ಅಂತ ತೀರ್ಮಾನವಾದ ದಿನದಿಂದ ಗೇಲನ್‌ಗೆ ನಿದ್ದೆ ಇಲ್ಲ. ಗಾಡಿಯ ಮೇಲಿನ ತೊಟ್ಟಿ ಇಳಿಸಿದ, ಬೋಲ್ಟು ಬೋಲ್ಟು ಬಿಚ್ಚಿದ, ತುಕ್ಕು ಕೆರೆದ, ಮೂರು ಕೈ ಕೆಂಪು ಬಣ್ಣ ಬಳಿದ. ಬರೀ ಮೈಗಲ್ಲ, ಅಡಿಯ ಚಾಸಿಗೂ ಬಳಿದ. ಲವೋನ್ ಊಟದ ಡಬ್ಬಿ ಹಿಡಿದು ಬಂದವಳು ಅವನ ಕಾಲು ಮಾತ್ರ ಕಾಣುತ್ತಿದ್ದ ಗಾಡಿಗೆ ಹೇಳಿದಳು, "ಅಡೀಗೆ ಮಲಗಿ ಯಾರಪ್ಪ ನೋಡ್ತಾರೆ ಇದನ್ನ? ನಾಯಿನಾ?"

"ನಾನ್ ನೋಡ್ತೀನಿ," ಅಂದ ಗೇಲನ್ ಒಳಗಿಂದ.

ಮೆರವಣಿಗೆಯ ದಿನ ಗಾಡಿ ಹೊಸ ಮದುಮಗಳ ಹಾಗೆ ಹೋಯಿತು. ನಮ್ಮೂರಲ್ಲಿ ಯಾರೂ ಯಾರನ್ನೂ ಬಾಯಿ ಬಿಟ್ಟು ಹೊಗಳುವುದಿಲ್ಲ. ಆದರೂ ಆವತ್ತು ನಾಲ್ಕು ಜನ ಬಂದು, "ಪರವಾಗಿಲ್ಲ ಗೇಲನ್," ಅಂದರು. ಅವನು ಆ ಸಂತೋಷದಲ್ಲೇ ಬೇಸಿಗೆ ಕಳೆದ.

ಬೆಂಕಿ ಬಿದ್ದದ್ದು ಸೆಪ್ಟೆಂಬರಿನಲ್ಲಿ, ಎಮಿಲ್ ಎಂಬ ರೈತನ ಹುಲ್ಲುಗಾವಲಿಗೆ. ಆವತ್ತು ಗಾಡಿ ಓಡಿಸುತ್ತಿದ್ದವಳು ಟ್ರೂಡಿ. ಮೂವತ್ತೈದರ ಹೆಂಗಸು, ಮೂರು ವರ್ಷದ ಹಿಂದೆ ನಮ್ಮೂರಿಗೆ ಬಂದು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಮಾತು ಕಡಿಮೆ, ಕೈ ಗಟ್ಟಿ. ನಾಲ್ಕು ಗಂಟೆ ಹೊಗೆಯಲ್ಲಿ ಹಿಂದೆ ಮುಂದೆ ಓಡಾಡಿ ಬೆಂಕಿಯನ್ನು ಹೆಚ್ಚುಕಡಿಮೆ ಹಿಡಿದಿಟ್ಟಿದ್ದಳು. ಎಮಿಲ್‌ನ ಮೇವಿನ ಅಂಗಳದ ಬಾಯಲ್ಲಿ, ಮುಂದಿನ ಟ್ಯಾಂಕು ಮುಗಿಯುವ ಹೊತ್ತಿಗೆ, ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಟ್ರೂಡಿ ಇಳಿದು ಓಡಿ ಜೀವ ಉಳಿಸಿಕೊಂಡಳು. ಗಾಳಿ ತಿರುಗಿದ್ದರಿಂದ ಗಾಡಿಯೂ ಉಳಿಯಿತು. ಎಮಿಲ್‌ನ ಇಡೀ ಚಳಿಗಾಲದ ಮೇವು ಮಾತ್ರ ಬೂದಿಯಾಯಿತು.

ಗಾಡಿಯನ್ನು ಹಗ್ಗ ಕಟ್ಟಿ ಆರು ಮೈಲಿ ಎಳೆದು ತಂದರು. ಎಲ್ಲರೂ ಸುತ್ತ ನಿಂತಿದ್ದಾಗ ಗೇಲನ್ ಒಳಗೆ ಕೂತು ಸ್ವಿಚ್ಚು ಹಿಂದಿನ ಟ್ಯಾಂಕಿಗೆ ಒತ್ತಿ ಕೀಲಿ ತಿರುಗಿಸಿದ. ಪಂಪು ಗುಂಯ್ ಅಂದಿತು, ಎಂಜಿನ್ನು ಎದ್ದು ನಿಂತಿತು. "ಗಾಡಿ ಸರಿಯಾಗಿದೆ," ಅಂದ. ಮುಂದಿನ ಮಾತನ್ನು ಯಾರೂ ಆಡಬೇಕಾಗಿರಲಿಲ್ಲ. ಗಾಡಿ ಸರಿಯಾಗಿದ್ದರೆ ಓಡಿಸಿದವಳು ಸ್ವಿಚ್ಚು ಒತ್ತಲು ಮರೆತಿದ್ದಾಳೆ.

ಟ್ರೂಡಿ ಮಸಿ ಮುಖದಲ್ಲೇ ಅವನ ಹತ್ತಿರ ಬಂದಳು. "ನಾನ್ ಒತ್ತಿದ್ದೆ ಗೇಲನ್. ಎರಡ್ ಸಲ ಒತ್ತಿದೆ."

ಗೇಲನ್ ಅವಳ ಭುಜ ತಟ್ಟಿದ. "ಇರ್ಲಿ ಬಿಡಮ್ಮ. ಅಂಥ ಹೊಗೇಲಿ ಕೈ ಏನ್ ಮಾಡ್ತು ಅಂತ ತಲೇಗೆ ನೆನಪಿರಲ್ಲ. ನಂಗೂ ಕಂಬದ್ ಮೇಲೆ ಹಾಗಾಗಿದೆ."

ಅವನು ಅದನ್ನು ಹೇಳಿದ್ದು ಕರುಣೆಯಿಂದಲೇ.

ಬೆಂಕಿ ಗಾಡಿ ನಿಲ್ಲಿಸುವ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಕೆಲಸದಲ್ಲಿ ತಪ್ಪಿದವರ ಹೆಲ್ಮೆಟ್ಟನ್ನು ಮುಖ ಗೋಡೆಗೆ ಮಾಡಿ ಗೂಟಕ್ಕೆ ಹಾಕುವುದು. ಮುಂದಿನ ತಿಂಗಳ ಸಭೆಗೆ ತಪ್ಪಿದವರು ಹಣ್ಣಿನ ಹೂರಣ ತುಂಬಿ ಬೇಯಿಸುವ ಪೈ ಒಂದನ್ನು ಮಾಡಿಕೊಂಡು ಬಂದು, ಹೆಲ್ಮೆಟ್ಟನ್ನು ತಾವೇ ನೇರ ಮಾಡಿಕೊಂಡರೆ ಮುಗಿಯಿತು. ಪೈಪು ಸುತ್ತಿಡಲು ಮರೆತವರು, ಬೂಟು ಕಳಕೊಂಡವರು ಎಲ್ಲರೂ ಪೈ ತಂದವರೇ, ಎಲ್ಲರೂ ನಕ್ಕವರೇ. ಉಸ್ತುವಾರಿ ಗೇಲನ್‌ನದ್ದಾದ್ದರಿಂದ ಟ್ರೂಡಿಯ ಹೆಲ್ಮೆಟ್ಟು ತಿರುಗಿಸಿದವನೂ ಅವನೇ. ಈ ಸಲ ಯಾರೂ ನಗಲಿಲ್ಲ. ಅಕ್ಟೋಬರಿನ ಸಭೆಗೆ ಟ್ರೂಡಿ ಬರಲೂ ಇಲ್ಲ. ಅಷ್ಟರಲ್ಲಿ ಮಾತು ಶಾಲೆಯ ಕಡೆಗೂ ಹರಿದಿತ್ತು. ಒಂದು ಸ್ವಿಚ್ಚು ನೆನಪಿಟ್ಟುಕೊಳ್ಳಲಾಗದವಳ ಕೈಗೆ ನಲವತ್ತು ಮಕ್ಕಳನ್ನು ಕೊಡುವುದು ಹೇಗೆ ಅಂತ ಇಬ್ಬರು ತಾಯಂದಿರು ಕಾಗದ ಬರೆದರು. ಮುಂದಿನ ಮಂಗಳವಾರ ಶಾಲಾ ಮಂಡಳಿ ಅದನ್ನು ವಿಚಾರಕ್ಕೆ ತೆಗೆದುಕೊಳ್ಳುವುದಿತ್ತು.

ಆ ಮಂಗಳವಾರಕ್ಕೆ ಮೂರು ದಿನ ಮುಂಚೆ, ಶನಿವಾರ ಬೆಳಿಗ್ಗೆ, ಗೇಲನ್ ಗಾಡಿಗೆ ನೀರು ತುಂಬಿಸಿಕೊಂಡು ಬರುತ್ತಿದ್ದ. ಹಿಂದಿನ ಟ್ಯಾಂಕಿನ ಪೆಟ್ರೋಲು ಹಳೆಯದಾಯಿತು, ಒಂದಿಷ್ಟು ಉರಿದುಹೋಗಲಿ ಅಂತ ಯಾವತ್ತೂ ಇಲ್ಲದೆ ಸ್ವಿಚ್ಚು ಒತ್ತಿದ. ಜಲ್ಲಿ ರಸ್ತೆಯಲ್ಲಿ ಗಡಗಡ ಅರ್ಧ ಮೈಲಿ ಹೋಗಿದ್ದ. ಗಾಡಿ ಎರಡು ಸಲ ಕೆಮ್ಮಿತು, ನಿಂತಿತು.

ಗೇಲನ್ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಕೂತ. ಒತ್ತಿದ ಬೆರಳು ತನ್ನದೇ. ಹೊಗೆ ಇಲ್ಲ, ಭಯ ಇಲ್ಲ, ಮರೆತದ್ದೂ ಇಲ್ಲ.  ಮುಂದಿನ ಟ್ಯಾಂಕಿಗೆ ಬದಲಾಯಿಸಿ ಶೆಡ್ಡಿಗೆ ಬಂದು, ಬಾಗಿಲು ಪೂರ್ತಿ ತೆಗೆದಿಟ್ಟು, ಹಳೇ ರತ್ನಗಂಬಳಿಯ ತುಂಡು ಹಾಸಿಕೊಂಡು ಗಾಡಿಯಡಿಗೆ ಸರಿದ.

ಮೊದಲು ಫ್ಯೂಸು ನೋಡಿದ, ಸರಿಯಿತ್ತು. ಪಂಪಿನ ಪ್ಲಗ್ಗು ಬಿಚ್ಚಿ, ಬ್ಯಾಟರಿಯಿಂದ ಉದ್ದನೆಯ ವೈರು ಎಳೆದು ನೇರ ಕರೆಂಟು ಕೊಟ್ಟ. ಪಂಪು ಗುಂಯ್ ಅಂದಿತು, ಅಂದರೆ ಪಂಪು ಸತ್ತಿಲ್ಲ. ಪ್ಲಗ್ಗಿನ ಬಾಯಿಗೆ ಮೀಟರು ಹಿಡಿದ, ಹನ್ನೆರಡೂವರೆ ವೋಲ್ಟು. ಕರೆಂಟೂ ಬರುತ್ತಿದೆ. ಪಂಪೂ ಸರಿ, ಕರೆಂಟೂ ಸರಿ. ಎರಡನ್ನೂ ಸೇರಿಸಿದರೆ ಮಾತ್ರ ಸದ್ದೇ ಇಲ್ಲ.

ಬೇರೆಯವರಾಗಿದ್ದರೆ ಇಲ್ಲಿ ಕೈ ಚೆಲ್ಲಿ ಹೊಸ ಪಂಪು ತರಿಸುತ್ತಿದ್ದರು. ಗೇಲನ್‌ಗೆ ಮೀಟರಿನ ಮೇಲೆ ಯಾವತ್ತೂ ಅಷ್ಟು ನಂಬಿಕೆ ಇರಲಿಲ್ಲ. ಮೀಟರು ಕರೆಂಟನ್ನು ಮೂಸಿ ನೋಡುತ್ತದೆ, ಅದರ ಕೈಲಿ ಕೆಲಸ ಮಾಡಿಸಿ ನೋಡುವುದಿಲ್ಲ ಅನ್ನುವುದು ಅವನ ವಾದ. ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೇ ಹೆಡ್‌ಲೈಟು ತೆಗೆದ. ಅದಕ್ಕೆ ಎರಡು ವೈರು ಬೆಸೆದು ಇಟ್ಟುಕೊಂಡು ಇಪ್ಪತ್ತು ವರ್ಷವಾಗಿತ್ತು. ಪಂಪಿನ ಬದಲು ಅದನ್ನು ಪ್ಲಗ್ಗಿಗೆ ಸಿಕ್ಕಿಸಿದ. ಕಣ್ಣು ಕುಕ್ಕುವ ಹಾಗೆ ಉರಿಯಬೇಕಾದ ದೀಪ ಆರುತ್ತಿರುವ ಬೀಡಿಯ ತುದಿಯಷ್ಟು ಕೆಂಪಗೆ ಮಿಣಕಿತು. ಮೀಟರು ನೋಡಿದರೆ ಮೂರು ವೋಲ್ಟಿಗೆ ಇಳಿದಿತ್ತು.

"ಸಿಕ್ಬಿದ್ದೆ ಮಗನೆ," ಅಂದ ಗೇಲನ್. ದಾರಿಯಲ್ಲೆಲ್ಲೋ ಕರೆಂಟಿಗೆ ಅಡ್ಡ ಬಿದ್ದಿದೆ. ಹೋಗುವ ದಾರಿಯೋ, ವಾಪಸು ಬರುವ ದಾರಿಯೋ ನೋಡಬೇಕು. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ವೈರು ತಂದು ದೀಪದ ಅರ್ತ್ ಕಡೆಗೆ ಮುಟ್ಟಿಸಿದ. ಶೆಡ್ಡೆಲ್ಲ ಬೆಳಕಾಯಿತು. ಹಾಗಾದರೆ ಅರ್ತ್, ಚಾಸಿನ ಮೂಲಕ ವಾಪಸು ಬರುವ ದಾರಿ. ಪ್ಲಗ್ಗಿನಿಂದ ಹೊರಟ ಕಪ್ಪು ವೈರನ್ನು ಬೆರಳಲ್ಲೇ ಸವರುತ್ತ ಹೋದ. ಆಕ್ಸೆಲ್ಲಿನ ಮೇಲೆ, ಚಾಸಿನ ಒಳಮಗ್ಗುಲಿಗೆ, ಒಂದು ಬೋಲ್ಟಿನ ಕೆಳಗೆ ಅದು ಮುಗಿದಿತ್ತು.

ಬೋಲ್ಟಿನ ಕೆಳಗೆ ಕೆಂಪು ಬಣ್ಣ. ಅಚ್ಚುಕಟ್ಟಾಗಿ, ಒಂದು ಗುಳ್ಳೆ ಇಲ್ಲದ ಹಾಗೆ, ಮೂರು ಕೈ.

ಅವನಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಣ್ಣದ ಮೇಲೆ ಕೂತ ಅರ್ತ್ ವೈರಿಗೆ ಕಬ್ಬಿಣದ ಮೈ ಸಿಗುವುದಿಲ್ಲ. ಬೋಲ್ಟಿನ ಹಲ್ಲು ಒಂದು ಕೂದಲೆಳೆಯಷ್ಟು ತಾಗಿದರೆ ಕರೆಂಟು ಹಾಯುತ್ತದೆ, ಗಾಡಿ ಕುಲುಕಿದಾಗ ಬಿಟ್ಟುಹೋಗುತ್ತದೆ, ಇನ್ನೊಮ್ಮೆ ಕುಲುಕಿದರೆ ಕಚ್ಚಿಕೊಳ್ಳುತ್ತದೆ. ಆವತ್ತು ಆರು ಮೈಲಿ ಎಳೆದು ತಂದದ್ದರಲ್ಲಿ ಕಚ್ಚಿಕೊಂಡಿತ್ತು. ಕೊಳೆ ಮೇಲೆ ಕ್ಲಾಂಪು ಹಾಕಬೇಡಿ ಅಂತ ಮೂವತ್ತೆಂಟು ವರ್ಷ ಬಡಕೊಂಡವನು ಮೆರವಣಿಗೆಯ ಚಂದಕ್ಕೆ ಬಣ್ಣದ ಮೇಲೆ ಹಾಕಿದ್ದ. ಗೇಲನ್ ಅಲ್ಲೇ ಅಂಗಾತ ಮಲಗಿ ಆ ಬೋಲ್ಟನ್ನು ನೋಡುತ್ತಿದ್ದ. 

ಮಾರನೆಯ ದಿನ ಶೆಡ್ಡಿನಲ್ಲಿ ಪ್ಯಾನ್‌ಕೇಕ್ ಊಟ. ವರ್ಷಕ್ಕೊಮ್ಮೆ ದಳದವರೇ ದೋಸೆಯ ಹಾಗೆ ಹುಯ್ದು ಊರಿಗೆಲ್ಲ ಬಡಿಸುತ್ತಾರೆ. ಅದಕ್ಕೆ ಈಗಲೇ ಬೆಂಚು ಜೋಡಿಸಲು ಬಂದ ವರ್ಲಿನ್ ಬಗ್ಗಿ ಗಾಡಿಯಡಿಗೆ ಇಣುಕಿದ. "ಏನಯ್ಯಾ, ಬದುಕಿದೀಯಾ?"

ಗೇಲನ್ ಸರಿದು ಹೊರಗೆ ಬಂದು ಎಲ್ಲ ಹೇಳಿದ. ವರ್ಲಿನ್ ಟೋಪಿ ತೆಗೆದು ತಲೆ ಕೆರೆದುಕೊಂಡು, ಮತ್ತೆ ಟೋಪಿ ಹಾಕಿಕೊಂಡ.

"ಇಲಿ ವೈರು ಕಡಿದಿತ್ತು ಅನ್ನು," ಅಂದ. "ಪ್ರತಿ ವರ್ಷ ಕಡಿಯುತ್ತೆ, ಯಾರಾದ್ರೂ ನಂಬ್ತಾರೆ. ಟ್ರೂಡಿ ಮೇಲಿನ ಮಾತೂ ಹೋಗುತ್ತೆ, ನಿನ್ ಹೆಸರೂ ಉಳಿಯುತ್ತೆ. ಇಲಿ ಬಂದು ಸಾಕ್ಷಿ ಹೇಳುತ್ತಾ?"

"ಎಮಿಲ್‌ಗೆ ಏನಂತ ಹೇಳ್ಲಿ?"

"ಇಲಿ ಅಂತ ಹೇಳು. ಎಮಿಲ್‌ಗೂ ಇಲಿ ಕಂಡ್ರಾಗಲ್ಲ."

ವರ್ಲಿನ್ ಕೆಟ್ಟವನಲ್ಲ. ಗೆಳೆಯನ ಮರ್ಯಾದೆ ಉಳಿಸಲು ನೋಡಿದ, ಅಷ್ಟೆ. ಗೇಲನ್‌ಗೂ ಒಂದು ಗಳಿಗೆ ಆ ಇಲಿ ಬಹಳ ಆಪ್ತವಾಗಿ ಕಂಡಿದ್ದು ಸುಳ್ಳಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಲವೋನ್‌ಗೂ ಹೇಳಿದ, ಬಣ್ಣದ್ದೂ ಹೇಳಿದ, ಇಲಿಯದ್ದೂ ಹೇಳಿದ. ಆಕೆ ಆಲೂಗಡ್ಡೆ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಆ ಹೆಣ್ಣುಮಗಳು ಎರಡ್ ಸಲ ಒತ್ತಿದೆ ಅಂದ್ಲು. ನೀನು ಭುಜ ತಟ್ಟಿ, ನಿಂಗೆ ನೆನಪಿಲ್ಲ ಅಂದೆ. ಅದನ್ನೂ ಇಲೀನೇ ಹೇಳ್ತಾ?"

ಗೇಲನ್ ಊಟ ಮುಗಿಸಲಿಲ್ಲ. ಟೋಪಿ ತಗೊಂಡು ಎದ್ದ.

ಟ್ರೂಡಿ ಶಾಲೆಯ ಹಿಂದೆ ಬಸ್ಸು ತೊಳೆಯುತ್ತಿದ್ದಳು. ಅವನನ್ನು ಕಂಡು ನಲ್ಲಿ ನಿಲ್ಲಿಸಿದಳು, ಕೂತ್ಕೊಳ್ಳಿ ಅನ್ನಲಿಲ್ಲ. ಗೇಲನ್ ನಿಂತುಕೊಂಡೇ, ಸುತ್ತು ಬಳಸದೆ ಹೇಳಿಬಿಟ್ಟ. ತಾನು ಬಣ್ಣ ಬಳಿದದ್ದು, ಅರ್ತ್ ಅದರ ಮೇಲೆ ಕೂರಿಸಿದ್ದು, ಪಂಪಿಗೆ ಕರೆಂಟು ಸಿಗದಿದ್ದದ್ದು. "ನೀನು ಸ್ವಿಚ್ ಒತ್ತಿದ್ದೆ ಟ್ರೂಡಿ. ಎರಡ್ ಸಲಾನೂ ಒತ್ತಿದ್ದೆ. ತಪ್ಪು ನಂದು."

ಅವಳು ಅಳುತ್ತಾಳೆ ಅಂದುಕೊಂಡಿದ್ದ, ಇಲ್ಲವೇ ಬೈಯುತ್ತಾಳೆ ಅಂತ. ಅವಳು ಬ್ರಷ್ಷಿನ ನೀರು ಕೊಡವಿದಳು.

"ಐದು ವಾರ ಆಯ್ತು," ಅಂದಳು. "ಒಂದೊಂದ್ ಮಗು ಇಳಿಸೋವಾಗ್ಲೂ ಬ್ರೇಕ್ ಎಳೆದು, ಎಳೆದಿದೀನಾ ಅಂತ ಮುಟ್ಟಿ ನೋಡ್ತೀನಿ. ನೋಡಿ, ಬಾಗಿಲ ತನಕ ಹೋಗಿ, ಮತ್ತೆ ಬಂದು ಮುಟ್ತೀನಿ. ಮನೇಲಿ ಒಲೆ ಆರಿಸಿದೀನಾ ಅಂತ ಮಲಗಿದೋಳು ಎದ್ದು ಹೋಗ್ತೀನಿ. ನನ್ ಕೈನ ನಾನೇ ನಂಬ್ದೇ ಇರೋ ಹಂಗಾಗಿದೆ."

"ತಪ್ಪಾಯ್ತು," ಅಂದ ಗೇಲನ್.

"ನೀವು ನನ್ನ ಸುಳ್ಳಿ ಅಂದಿದ್ರೆ ಪರವಾಗಿರ್ಲಿಲ್ಲ, ಜಗಳ ಆಡ್ತಿದ್ದೆ. ಎಮಿಲ್ ಹಾಗಂದ, ಅವನ ಹತ್ರ ಜಗಳ ಆಡ್ದೆ. ನೀವು ಒಳ್ಳೇ ಮಾತಲ್ಲಿ ಹೇಳಿದ್ರಿ. ಒಳ್ಳೇ ಮಾತಲ್ಲಿ ಹೇಳಿದ್ದಕ್ಕೆ ನಂಬಿದೆ." ಅವಳು ಬ್ರಷ್ಷು ಕೆಳಗಿಟ್ಟಳು. "ನಾನೇ ಒತ್ತಿಲ್ಲ ಅಂತ ನಂಬಿದೆ ಗೇಲನ್."

   ಟ್ರೂಡಿ ನಲ್ಲಿ ತಿರುಗಿಸಿ ಬಸ್ಸಿನ ಕಡೆ ತಿರುಗಿಕೊಂಡಳು. ಅವನು ಹೊರಟು ಗೇಟಿನ ತನಕ ಬಂದಾಗ ಹಿಂದಿನಿಂದ ಕೇಳಿದಳು, "ಆ ಬೋಲ್ಟು ಬಿಚ್ಚಿ ಸರಿ ಮಾಡಿಬಿಟ್ರಾ?"

"ಇಲ್ಲ. ಹಾಗೇ ಇದೆ."

"ಹಾಗೇ ಇರ್ಲಿ. ನಾನ್ ನೋಡ್ಬೇಕು."

ಭಾನುವಾರ ಶೆಡ್ಡು ಗಿಜಿಗುಡುತ್ತಿತ್ತು. ಶಾಲಾ ಮಂಡಳಿಯವರು, ಕಾಗದ ಬರೆದ ತಾಯಂದಿರು, ಮೂಲೆಯಲ್ಲಿ ಸಿಡುಕು ಮುಖದ ಎಮಿಲ್, ಎಲ್ಲರ ಕೈಯಲ್ಲೂ ತಟ್ಟೆ. ಟ್ರೂಡಿ ಬಾಗಿಲ ಹತ್ತಿರವೇ ನಿಂತಿದ್ದಳು. ಗೇಲನ್ ಬೆಂಚು ಹತ್ತಲಿಲ್ಲ, ಭಾಷಣ ಮಾಡಲಿಲ್ಲ. ಹೆಲ್ಮೆಟ್ಟುಗಳ ಗೂಟದ ಹತ್ತಿರ ಹೋಗಿ ತನ್ನ ಹೆಲ್ಮೆಟ್ಟು ತೆಗೆದು ಮುಖ ಗೋಡೆಗೆ ಮಾಡಿ ಹಾಕಿದ. ನೋಡಿದವರ ಮಾತು ನಿಂತಿತು, ಒಂದೊಂದೇ ಬೆಂಚಿನಂತೆ ಶೆಡ್ಡೇ ಸುಮ್ಮನಾಯಿತು.

"ಸೆಪ್ಟೆಂಬರಲ್ಲಿ ಗಾಡಿ ಸರಿಯಾಗಿದೆ ಅಂದಿದ್ದೆ. ಸರಿಯಾಗಿರ್ಲಿಲ್ಲ," ಅಂದ. "ಹಿಂದಿನ ಪಂಪಿನ ಅರ್ತ್ ನಾನು ಬಣ್ಣದ್ ಮೇಲೆ ಕೂರಿಸಿದ್ದೆ. ಟ್ರೂಡಿ ಸ್ವಿಚ್ ಒತ್ತಿದ್ಲು. ಒತ್ತಿದೀನಿ ಅಂತ ಹೇಳಿದ್ಲು. ನಾನು ಅವಳ ಮಾತು ಬಿಟ್ಟು ನನ್ ಕೆಲಸಾನ ನಂಬಿದೆ. ಎಮಿಲ್, ನಿನ್ ಮೇವು ಸುಟ್ಟಿದ್ದು ನಾನು."

ಎಮಿಲ್ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ. "ಅರ್ತ್ ಹಾಕೋಕ್ ಮುಂಚೆ ಉಜ್ಜು ಅಂತ ಲೈನ್‌ಮನ್ ಆಗಿರೋ ನನ್ನಳಿಯಂಗೆ ದಿನಾ ಪಾಠ ಮಾಡ್ತಿದ್ದೋನು ನೀನೇ ಅಲ್ವಾ?"

"ಹೂಂ. ನಾನೇ."

"ಸರಿ ಹಾಗಾದ್ರೆ," ಅಂದು ಎಮಿಲ್ ತಟ್ಟೆಗೆ ಬಗ್ಗಿದ. ನಂತರ, ತಲೆ ಎತ್ತದೆ, ಬಾಗಿಲ ಕಡೆಗೆ ಹೇಳಿದ, "ಟ್ರೂಡಿ, ನಿಂಗೊಂದು ಮಾತು ಅಂದಿದ್ದೆ. ವಾಪಸ್ ತಗೊಂಡೆ." ನಮ್ಮ ಕಡೆ ಇದಕ್ಕಿಂತ ದೊಡ್ಡ ಕ್ಷಮೆ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಮಂಗಳವಾರದ ಸಭೆಯಲ್ಲಿ ಆ ಕಾಗದದ ಸುದ್ದಿ ಎತ್ತುವವರೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ವರ್ಲಿನ್ ಹೋಗಿ ಗೇಲನ್‌ನ ಹೆಲ್ಮೆಟ್ಟು ನೇರ ಮಾಡಲು ಕೈ ಹಾಕಿದ. "ಬಿಡಿ ಅದನ್ನ," ಅಂದಳು ಟ್ರೂಡಿ. "ಮುಂದಿನ ತಿಂಗಳ ಸಭೆ ತನಕ ಇರ್ಲಿ." ಬಂದು ತನ್ನದನ್ನು ತಾನೇ ತಿರುಗಿಸಿ ನೇರ ಮಾಡಿದಳು. ಗೇಲನ್‌ಗೆ ಅದು ಸರಿ ಅನ್ನಿಸಿತು. ಪೈ ಮಾಡಿಕೊಡುತ್ತೀಯಾ ಅನ್ನುವ ಹಾಗೆ ಹೆಂಡತಿಯ ಮುಖ ನೋಡಿದ್ದಕ್ಕೆ ಲವೋನ್, "ನನ್ ಮುಖ ನೋಡ್ಬೇಡ. ಹಿಟ್ಟು ಎಲ್ಲಿದೆ ಅಂತ ತೋರಿಸ್ತೀನಿ, ಅಷ್ಟೆ," ಅಂದಳು. ಶೆಡ್ಡು ಆಗ ನಕ್ಕಿತು.

ಊಟ ಮುಗಿದು ಜನ ಕರಗಿದ ಮೇಲೆ ಟ್ರೂಡಿ ಗಾಡಿಯಡಿಗೆ ಸರಿದಳು. ಗೇಲನ್ ಬ್ಯಾಟರಿಯ ವೈರು ಕಳಚಿ, ಅವಳಿಗೆ ಟಾರ್ಚು ಹಿಡಿದ. ಅವಳು ಬೋಲ್ಟು ಬಿಚ್ಚಿದಳು, ಕೆಂಪು ಬಣ್ಣ ನೋಡಿದಳು. ತಂತಿ ಬ್ರಷ್ಷಿಗೆ ಕೈ ಚಾಚಿದಳು. ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ವೈರು ಕೂರಿಸಿ, ಬೋಲ್ಟು ಬಿಗಿದಳು. ಹೊರಗೆ ಬಂದು ಕೈ ಒರೆಸಿಕೊಂಡು, "ಕೂತ್ಕೊಳ್ಳಿ," ಅಂದಳು. ಗೇಲನ್ ವೈರು ಜೋಡಿಸಿ ಪಕ್ಕದ ಸೀಟಿನಲ್ಲಿ ಕೂತ.

ಅವಳು ಗಾಡಿಯನ್ನು ಜಲ್ಲಿ ರಸ್ತೆಗೆ ಇಳಿಸಿದಳು. ಆರು ಮೈಲಿ ಮುಂದಿನ ಟ್ಯಾಂಕಿನಲ್ಲೇ ಓಡಿಸಿದಳು. ಎಮಿಲ್‌ನ ಮೇವಿನ ಅಂಗಳದ ಕರಕಲು ಕಂಡಾಗ ಅವಳು ವೇಗ ಇಳಿಸಲಿಲ್ಲ, ಸ್ವಿಚ್ಚು ಹಿಂದಿನ ಟ್ಯಾಂಕಿಗೆ ಒತ್ತಿದಳು. ಬೆರಳನ್ನು ಅಲ್ಲೇ ಇಟ್ಟುಕೊಂಡಳು.  ಹಿಂದೆ ಪಂಪು ಗುಂಯ್ ಅನ್ನುತ್ತಲೇ ಇತ್ತು. ಅರ್ಧ ಮೈಲಿ ಹೋಯಿತು, ಒಂದು ಮೈಲಿ ಹೋಯಿತು, ಎಂಜಿನ್ನು ಕೆಮ್ಮಲಿಲ್ಲ. ಟ್ರೂಡಿ ಸ್ವಿಚ್ಚಿನಿಂದ ಬೆರಳು ತೆಗೆದು ಸ್ಟೀರಿಂಗಿನ ಮೇಲಿಟ್ಟಳು. ಊರು ತಲುಪುವ ತನಕ ಅವಳು ಅದನ್ನು ಮತ್ತೆ ಮುಟ್ಟಿ ನೋಡಲಿಲ್ಲ.